ಕಿವಿಜೇನು ತೆಗೆಯುವ ಮುನ್ನ

ಹೊಸ ಕಾರವಾರ, ಕಡಲಗೋಡೆಯ ಒಳಪೇಟೆ
ಕಡಲೇರಿದ ೧೪೨ನೆಯ ವರ್ಷ, ಎರಡನೆಯ ಶ್ರಾವಣದ ಮೂವತ್ತೈದನೆಯ ದಿನ

ಹಿಂದಿನ ಕಾಲದ ಗಂಡಹೆಂಡಿರಿಗೆ ವಾರಿಜಾಳ ನಮಸ್ಕಾರ.

ನಾವು ಕ್ಷೇಮವೆಂದು ಬರೆದು ಶುರು ಮಾಡುವುದು ನಿಮ್ಮ ವಾಡಿಕೆಯಂತೆ. ಹಾಗೆ ಬರೆಯಲು ನನಗೆ ಧೈರ್ಯ ಬರುತ್ತಿಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕೈಯಿಂದ ಬರೆಯುವವರು ಈಗ ಇಲ್ಲವೇ ಇಲ್ಲ. ನನಗೆ ಅಜ್ಜಿ ಕಲಿಸಿದ್ದು. ನನ್ನ ಗಂಡ ವಾಮನರಿಗೆ ಈ ಅಕ್ಷರ ಓದಲು ಬಾರದು, ಬಂದಿದ್ದರೆ ಈ ಕಾಗದ ಅವರಿಗೇ ಬರೆಯುತ್ತಿದ್ದೆ.

ನಮ್ಮಲ್ಲಿ ತಾಳಿ ಕಟ್ಟಿದ ಮೇಲೆ ಸೋದರಮಾವ ವಧೂವರರ ಕಿವಿಯೊಳಗೆ ಕಿವಿಜೇನು ಇಡುತ್ತಾರೆ. ಅದು ಅಕ್ಕಿಕಾಳಿನಷ್ಟು ಪುಟ್ಟ ಯಂತ್ರ. ಎದುರಿನವರು ಏನೇ ಅಂದರೂ ಅದನ್ನು ನೋವಾಗದ ಮಾತಾಗಿಸಿ, ಅವರದೇ ದನಿಯಲ್ಲಿ ಕೇಳಿಸುತ್ತದೆ. ಇದರ ಬೀಜ ಬಿದ್ದದ್ದು ನಿಮ್ಮ ಅಡುಗೆಮನೆಯಲ್ಲಿ. ಉಪ್ಪಾದ ಸಾರನ್ನು ನೀವು ಚಪ್ಪರಿಸಿ ಚೆನ್ನಾಗಿದೆ ಅಂದಿರಿ, ಜಗಳ ಯಾಕೆ ಎಂದು. ಆಮೇಲಿನವರಿಗೆ ಅಷ್ಟು ಸುಳ್ಳು ಹೇಳುವುದೂ ದಣಿವಾಗಿ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರು. ಮೊದಲು ಗಂಡಹೆಂಡಿರ ಮಾತಿಗಷ್ಟೇ ಇದ್ದದ್ದು ಮೆಲ್ಲಗೆ ಅತ್ತೆ, ನೆರೆಮನೆ, ಕಚೇರಿ ಎಲ್ಲರ ಮಾತಿಗೂ ಬಂತು. ನಿಮ್ಮನ್ನು ಬೈಯಲಾರೆ. ಒಂಬತ್ತು ವರ್ಷ ನಾನೂ ಸುಖವಾಗಿದ್ದೆ. ಪಾಚಿಹಿಟ್ಟಿನ ರೊಟ್ಟಿ ಸೀದು ಕರಕಲಾದ ದಿನವೂ ಅವರ ಹೊಗಳಿಕೆ ಕೇಳಿ ಬೀಗಿದ್ದೇನೆ. ನಾನು ಗೊಣಗಿದ್ದೂ ಅವರಿಗೆ ಸಿಹಿಯಾಗಿಯೇ ಕೇಳಿಸಿರಬೇಕು.

ಈಚೆಗೆ ಅವರ ಮುಖಕ್ಕೂ ಮಾತಿಗೂ ತಾಳೆಯಾಗುತ್ತಿಲ್ಲ. ನಮ್ಮ ಓಣಿಯ ಗಂಡಸರೆಲ್ಲರಂತೆ ಅವರೂ ಕಡಲಗೋಡೆಯ ಕಾವಲಿನವರು. ಸಮುದ್ರ ಆಚೆ, ನಮ್ಮ ಮನೆಗಳೆಲ್ಲ ಈಚೆ ತಗ್ಗಿನಲ್ಲಿ. ಕೆಲಸದಿಂದ ಬಂದು, ಕಣ್ಣು ಕೆಂಪಗೆ ಮಾಡಿಕೊಂಡು, ಕತ್ತಿನ ನರ ಉಬ್ಬಿಸಿ ಏನೋ ಅನ್ನುತ್ತಾರೆ. ನನಗೆ ಕೇಳಿಸುವುದು, "ಈ ಸೀರೆ ನಿಂಗೆ ಚಲೋ ಕಾಣ್ತದೆ." ನಿನ್ನೆ ಕೈ ಹಿಡಿದು ಬಾಗಿಲವರೆಗೂ ಎಳೆದರು. "ಬಾ, ಗುಡ್ಡದ ಮೇಲೆ ಹಾಗೇ ತಿರುಗಾಡಿ ಬರೋಣ" ಎಂದು ಕೇಳಿಸಿತು. "ಒಲೆ ಮೇಲೆ ಅನ್ನ ಉಂಟಲ್ಲ ಮಾರಾಯ್ರೆ" ಎಂದು ನಕ್ಕುಬಿಟ್ಟೆ. ಅವರು ಕೈ ಬಿಟ್ಟು ಹೊಸ್ತಿಲ ಮೇಲೆ ಕುಳಿತು ಅತ್ತರು. ಈ ಬೆಳಿಗ್ಗೆ ನೋಡಿದರೆ ಬಾಗಿಲ ಬಳಿ ಕಟ್ಟಿಟ್ಟ ಚೀಲ!

ನನ್ನನ್ನು ಬಿಟ್ಟು ಹೋಗುತ್ತಾರೆ. ನನಗೆ ತೋಚುವುದು ಅದೊಂದೇ. ಇಷ್ಟು ವರ್ಷ ಜೇನಿನ ಅಡಿಯಲ್ಲಿ ನಿಜಕ್ಕೂ ಏನೇನು ಅಂದಿದ್ದಾರೋ ಯಾರಿಗೆ ಗೊತ್ತು! ಉಗುರಿನಿಂದ ಎಬ್ಬಿಸಿದರೆ ಕಿವಿಜೇನು ಸಲೀಸಾಗಿ ಬಂದುಬಿಡುತ್ತದೆ, ಆದರೆ ಅದಕ್ಕೆ ಯಾರೂ ಕೈ ಹಾಕುವುದಿಲ್ಲ. ಕೆಳಮನೆಯ ಸುನೀತಿ ತೆಗೆದಿದ್ದಳು. ಒಂದೇ ದಿನ ಗಂಡನ ಮಾತು ಕೇಳಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅವರು ಮೆಟ್ಟಿಲು ಹತ್ತುತ್ತಿದ್ದಾರೆ. ತೆಗೆಯುತ್ತೇನೆ.

ತೆಗೆದೆ.

ನನ್ನ ಗಂಡ ತೊದಲುತ್ತಾರೆ. ಒಂದೇ ಮನೆಯಲ್ಲಿದ್ದೂ ನನಗದು ಗೊತ್ತಿರಲಿಲ್ಲ.

"ಗೋ... ಗೋಡೆ ಬಿರುಕು ಬಿಟ್ಟದೆ ಮಾರಾಯ್ತಿ. ಇನ್ನು ನಿಲ್ಲೂದಿಲ್ಲ. ಎಷ್ಟು ಹೇಳಿದ್ರೂ ನೀ ನಗ್ತಿ. ನಿನ್ನ ಬಿಟ್ಟು ನಾ ಹ್ಯಾಗೆ ಹೋಗ್ಲಿ?"

ಬಂದೆ, ಈಗಲೇ ಬಂದೆ ಎಂದೆ. ಅವರ ಕಿವಿಯಲ್ಲಿ ಇನ್ನೂ ಜೇನಿತ್ತಲ್ಲ, ನಂಬಲಿಲ್ಲ. ಅಂಗೈಯಲ್ಲಿದ್ದ ಕಿವಿಜೇನನ್ನು ತೋರಿಸಿದೆ. ಅದನ್ನು ನೋಡಿ ತಮ್ಮದನ್ನೂ ಕಿತ್ತೆಸೆದರು.

ಚೀಲ ಈಗ ಅವರ ಹೆಗಲಲ್ಲಿದೆ, ಅವಸರ ಮಾಡುತ್ತಿದ್ದಾರೆ. ನಿಮ್ಮಲ್ಲಿ ಬೇಡುವುದಿಷ್ಟೇ: ಮನೆಯವರ ಮೇಲೆ ಬೇಸರವಿದ್ದರೆ ಇವತ್ತೇ ಬಾಯಿಬಿಟ್ಟು ಹೇಳಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಒಂದು ಹೊತ್ತು ಊಟ ಬಿಟ್ಟರೆ ಬಿಡಲಿ. ಕಹಿ ಮಾತು ಕೇಳಿ ಅಭ್ಯಾಸವಿಲ್ಲದ ಕಿವಿಗೆ ಕೂಗಿ ಹೇಳಿದರೂ ಅಪಾಯ ತಿಳಿಯುವುದಿಲ್ಲ. ನಾವು ಬಾಗಿಲು ಬಾಗಿಲು ಬಡಿಯುತ್ತಾ ಗುಡ್ಡದ ಕಡೆ ಹೊರಟಿದ್ದೇವೆ. ಬಾಗಿಲು ತೆರೆದವರಿಗೆ ನಮ್ಮ ಮಾತು ಏನಾಗಿ ಕೇಳಿಸುತ್ತದೋ!

ಬರಿಗಿವಿಗೆ ಈಗ ಓಣಿಯ ಸದ್ದೆಲ್ಲ ಇದ್ದಂತೆಯೇ ಕೇಳಿಸುತ್ತಿದೆ. ಮನೆಮನೆಯಲ್ಲೂ ಕಾವಲಿನ ಗಂಡಸರು ಓಡಿ, ಓಡಿ ಎಂದು ಅರಚುತ್ತಿದ್ದಾರೆ. ಹೆಂಗಸರು ನಗುತ್ತಿದ್ದಾರೆ.