ಬ್ರೇಕರ್ ಚೌಡಪ್ಪನವರಿಗೆ, ಸದ್ದು ನಿಲ್ಲದ ಸರ್ಕಲ್ಲಿನಿಂದ

ನಾಲ್ಕುಕಂಬದ ಸರ್ಕಲ್
ಜೂನ್ ೩೧, ೨೧೫೧

ಚೌಡಪ್ಪ ತಾತನಿಗೆ ಕೋಪದ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಸರ್ಕಲ್ ಕಾಮಗಾರಿಯನ್ನು ಜೂನ್ ಮುಗಿಯುವುದರೊಳಗೆ ಮುಗಿಸಬೇಕೆಂದು ಗುತ್ತಿಗೆಯಲ್ಲಿ ಬರೆದಿತ್ತು. ಕಾಮಗಾರಿ ಮುಗಿಯಲಿಲ್ಲ, ಜೂನನ್ನೇ ಉದ್ದ ಮಾಡಿದರು. ಈ ಕಾಗದ ನಿಮಗೆ ಹೇಗೆ ತಲುಪಿತೆಂದೂ ಕೇಳಬೇಡಿ. ನಮ್ಮಲ್ಲಿ ಪಕ್ಕದ ಬೀದಿಗೆ ಅಂಚೆ ಹೋಗುವುದಿಲ್ಲ, ರಸ್ತೆ ಅಗೆದಿದ್ದಾರೆ. ಹಿಂದಿನ ಶತಮಾನಕ್ಕೆ ಸಲೀಸಾಗಿ ಹೋಗುತ್ತದೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಅವು ಹುಟ್ಟಿದ್ದೇ ನಿಮ್ಮಿಂದ.

ನಾನು ನಿಮ್ಮ ಮರಿಮಗನ ಮೊಮ್ಮಗಳು. ನೂರಿಪ್ಪತ್ತೈದು ವರ್ಷಗಳ ಹಿಂದೆ ನೀವು ಕಾಂಕ್ರೀಟು ಒಡೆಯುವ ಬ್ರೇಕರ್ ಹಿಡಿದು ನಿಂತ ಜಾಗದ ಎದುರಿಗೇ ನಮ್ಮ ಮನೆ. ಬ್ರೇಕರ್ ಕೂಡ ಅಲ್ಲೇ ಇದೆ. ಮೇಲುಸೇತುವೆ ಕಟ್ಟಿದರು, ಕೆಳಸೇತುವೆ ಬೇಕೆಂದು ಅದನ್ನು ಕೆಡವಿದರು. ಅಗೆದರು, ಮುಚ್ಚಿದರು, ಮುಚ್ಚಿದ್ದನ್ನು ಬಿಚ್ಚಿದರು. ಇಲ್ಲಿ ಬೆಳಗ್ಗೆ ಎದ್ದವರು ಕಣ್ಣು ತೆರೆಯುವ ಮೊದಲು ಕಿವಿ ಮುಚ್ಚಿಕೊಳ್ಳುತ್ತಾರೆ. ಹತ್ತಿಗೆ ಮೇಣ ಸವರಿದ ಆ ಬಿರಡೆಗೆ ‘ಕಿವಿಗದ’ ಎನ್ನುತ್ತೇವೆ. ತರಕಾರಿಯವನು ಕೂಗುವುದಿಲ್ಲ, ಕೋಲಿನ ತುದಿಗೆ ಬದನೆಕಾಯಿ ಕಟ್ಟಿ ಕಿಟಕಿಯ ಮುಂದೆ ಆಡಿಸುತ್ತಾನೆ. ಬೆರಳಲ್ಲಿ ಆಡುವ ಮಾತಿಗೆ ‘ಕೈನುಡಿ’ ಎಂದು ಹೆಸರು. ಅದರಲ್ಲಿ ಬೇಳೆ ಕೇಳಬಹುದು, ಬೇಸರ ಹೇಳಬಹುದು, ಲಾಲಿ ಹಾಡಲಾಗದು.

ವಾರಕ್ಕೊಮ್ಮೆ, ಗುರುವಾರ ಬೆಳಗ್ಗೆ ಹನ್ನೊಂದಕ್ಕೆ, ಹನ್ನೊಂದು ನಿಮಿಷ ಸದ್ದು ನಿಲ್ಲುತ್ತಿತ್ತು. ಅದಕ್ಕೆ ‘ಸಾಹೇಬಗಳಿಗೆ’ ಎನ್ನುತ್ತೇವೆ: ಸದ್ದಳೆಯುವ ಸಾಹೇಬರು ಬಂದು, ಟೀ ಕುಡಿದು, ಮೀಟರ್ ನೋಡಿ, ಬರೆದುಕೊಂಡು ಹೋಗುವಷ್ಟು ಹೊತ್ತು. ಊರಿನ ಮಾತೆಲ್ಲ ಅಷ್ಟರಲ್ಲೇ ಆಗಬೇಕು. ಮದುವೆ ಮಾತುಕತೆ, ಮಂತ್ರ, ಜಗಳ, ಎಲ್ಲ. ಎದುರುಮನೆಯ ಈರಮ್ಮ ವಾರದ ಬೈಗುಳವನ್ನು ಕೂಡಿಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. ಬ್ರೇಕರ್ ನಿಂತದ್ದೇ ತಡ, “ಲೇ ಮುಕುಂದ, ನನ್ ಹಗ್ಗದ್ ಮೇಲೆ ನಿನ್ ಚಡ್ಡಿ ಒಣಗಾಕ್ತೀಯಲ್ಲೋ, ನಾಚ್ಕೆ ಆಗಲ್ವೇನೋ? ಸೋಮ್ವಾರದಿಂದ ಕಾಯ್ತಾ ಇದೀನಿ ಕಣೋ ಇದನ್ನ ಕೇಳಕ್ಕೆ!” ಮುಕುಂದ ಉತ್ತರ ಕೊಡಲು ಮುಂದಿನ ಗುರುವಾರದವರೆಗೆ ಕಾಯಬೇಕಿತ್ತು.

ಈಗ ಆ ಹನ್ನೊಂದು ನಿಮಿಷವೂ ಇಲ್ಲ. ಹೋದ ವರ್ಷದಿಂದ ಸಾಹೇಬರು ಬರುವುದನ್ನೇ ಬಿಟ್ಟಿದ್ದಾರೆ. ಕಚೇರಿಯಲ್ಲೇ ಕೂತು ‘ಹಿಂದಿನ ವಾರದಂತೆಯೇ’ ಎಂದು ಬರೆದು ಮುಗಿಸುತ್ತಾರೆ.

ನನ್ನ ತಮ್ಮನ ಮಗಳಿಗೆ ಹನ್ನೊಂದು ತಿಂಗಳು. ಸೋದರತ್ತೆಯಾದ ನಾನು ಅವಳ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ತೊಟ್ಟಿಲ ಮೇಲೆ ಬಗ್ಗಿ, ಬಾಯನ್ನು ಕಿವಿಗೆ ಒತ್ತಿ, ಗಂಟಲು ಹರಿಯುವಂತೆ ಕೂಗಿದೆ. ಮಗು ಹೆದರಿ ಅತ್ತಿತು. ಅತ್ತದ್ದೂ ನನಗೆ ಕೇಳಿಸಲಿಲ್ಲ, ಬಾಯಿ ತೆರೆದದ್ದು ಮಾತ್ರ ಕಂಡಿತು. ಮಗುವಿಗೆ ಕೇಳಿಸದ ಹೆಸರನ್ನು ಇಟ್ಟ ಹೆಸರು ಎನ್ನಲಾಗದು. ಅವಳಿನ್ನೂ ಬರೀ ‘ಪಾಪು’.

ಇದರಲ್ಲಿ ತಾತನ ತಪ್ಪೇನು ಎನ್ನುತ್ತೀರಾ? ನಿಮ್ಮ ಕಾಲದ ಒಂದು ಮೊಬೈಲ್ ವಿಡಿಯೊ ನಮ್ಮ ಮನೆಯಲ್ಲಿ ಉಳಿದಿದೆ, ಮಾತನ್ನೆಲ್ಲ ಅದರ ಅಡಿಯಲ್ಲಿ ಅಕ್ಷರದಲ್ಲಿ ಬರೆದಿದ್ದಾರೆ. ಸಾಹೇಬರ ಜೀಪು ಬರುತ್ತದೆ. ನೀವು ಕೈ ಎತ್ತಿ ಹುಡುಗರಿಗೆ ಕೂಗುತ್ತೀರಿ, “ಆಫ್ ಮಾಡ್ರೋ, ಸಾಹೇಬ್ರು ಬಂದವ್ರೆ! ದೊಡ್ಡೋರ್ ಮುಂದೆ ಹಿಂಗ್ ಬಡ್ಕೊಂಡ್ರೆ ಏನ್ ಮರ್ಯಾದೆ?” ಬ್ರೇಕರ್ ನಿಲ್ಲುತ್ತದೆ. ನೀವು ಟವೆಲಿನಿಂದ ಕುರ್ಚಿ ಒರೆಸುತ್ತೀರಿ. “ಟೀ ಕುಡೀರಿ ಸಾರ್.” ಸಾಹೇಬರು ಕುಡಿಯುತ್ತಾರೆ, ಮೀಟರ್ ನೋಡುತ್ತಾರೆ, “ಪರ್ವಾಗಿಲ್ಲ ಚೌಡಪ್ಪ, ನಿಮ್ ಸರ್ಕಲ್ ಬಲೇ ಶಾಂತವಾಗಿದೆ” ಎಂದು ಬರೆದುಕೊಳ್ಳುತ್ತಾರೆ. ನೀವು ಕೈಮುಗಿಯುತ್ತೀರಿ. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಮತ್ತೆ ಶುರು.

ಆ ವಿಡಿಯೊ ನೋಡಿದಾಗಲೆಲ್ಲ ಮೈ ಉರಿಯುತ್ತದೆ. ನೀವು ಕೆಟ್ಟವರಾಗಿದ್ದರೆ ಸಿಟ್ಟು ಇಷ್ಟಿರುತ್ತಿರಲಿಲ್ಲ. ಎಂಥ ಸಭ್ಯರು ನೀವು! ಸಾಹೇಬರು ಬರೆದುಕೊಂಡ ಆ ಪುಸ್ತಕದಲ್ಲಿ ಒಂದೇ ಒಂದು ವಾರವೂ ಸದ್ದು ಮಿತಿ ಮೀರಲಿಲ್ಲ. ಮೀರಲಿಲ್ಲವಾದ್ದರಿಂದ ಸದ್ದು ತಡೆಯುವ ತಗಡಿನ ಗೋಡೆ ಬರಲಿಲ್ಲ, ಕೆಲಸಕ್ಕೆ ಹೊತ್ತುಗೊತ್ತು ಬರಲಿಲ್ಲ, ಬೇಗ ಮುಗಿಸಿ ಎನ್ನುವವರೂ ಬರಲಿಲ್ಲ. ದೂರು ಕೊಟ್ಟವರಿಗೆಲ್ಲ ಅದೇ ಪುಸ್ತಕ ತೋರಿಸಿದರು. ನನಗೂ ತೋರಿಸಿದರು. ‘ಸದ್ದಿಲ್ಲ’ ಎಂದು ಗುಮಾಸ್ತ ನನಗೆ ಹೇಳಿದ್ದು ಕೈನುಡಿಯಲ್ಲಿ, ಯಾಕೆಂದರೆ ಸದ್ದಿಗೆ ಅವನ ಬಾಯಿಮಾತು ಕೇಳಿಸುತ್ತಿರಲಿಲ್ಲ. ಸಾಹೇಬರಿಗೆ ಒಂದು ಕುರ್ಚಿ, ನಮಗೆ ನೂರು ವರ್ಷದ ಕಿರುಚಾಟ.

ಆದ್ದರಿಂದ ಒಂದೇ ಕೋರಿಕೆ. ಈ ಗುರುವಾರ ಸಾಹೇಬರು ಬಂದಾಗ ಕುರ್ಚಿ ಹಾಕಿ, ಟೀ ಕೊಡಿ, ಕೈಮುಗಿಯಿರಿ. ಕೈಮುಗಿಯುವಾಗಲೂ ಬ್ರೇಕರ್ ಓಡುತ್ತಿರಲಿ. ಅವರು ಬಾಯಿ ಆಡಿಸುವುದು ಕಂಡರೆ ಕಿವಿ ತೋರಿಸಿ, ಕೇಳಿಸುತ್ತಿಲ್ಲವೆಂದು ತಲೆಯಾಡಿಸಿ. ಮೀಟರಿನ ಮುಳ್ಳು ಎಲ್ಲಿದೆಯೆಂದು ಅವರೇ ನೋಡಲಿ. ಒಂದು ಸಲ ಮರ್ಯಾದೆಗೆಡಿ ತಾತ, ನಿಮ್ಮ ಕಾಲಿಗೆ ಬೀಳುತ್ತೇನೆ.

ಮಗುವಿಗೆ ನಿಮ್ಮ ಹೆಂಡತಿಯ ಹೆಸರನ್ನೇ ಆರಿಸಿದ್ದೇವೆ: ಪುಟ್ಟಗೌರಿ. ನಮ್ಮ ಮನೆಯಲ್ಲಿ ಆ ಹೆಸರು ಹೇಗೆ ಕೇಳಿಸುತ್ತದೆಂದು ಇನ್ನೂ ಯಾರಿಗೂ ಗೊತ್ತಿಲ್ಲ. ಸಂಜೆ ಕೆಲಸ ಮುಗಿಸಿ ಹೋದಾಗ ಅಜ್ಜಿಯನ್ನು ಬಾಗಿಲಿನಿಂದಲೇ ಒಮ್ಮೆ ಹೆಸರು ಹಿಡಿದು ಕೂಗಿ. ಅವರು ತಿರುಗಿ ನೋಡುತ್ತಾರಲ್ಲ, ನಮಗೆ ಬೇಕಾದದ್ದು ಅಷ್ಟೇ.

ಗುರುವಾರ, ಹನ್ನೊಂದು ಗಂಟೆ. ನಿಲ್ಲಿಸಬೇಡಿ.

ಇತಿ,
ಚೆನ್ನಾಜಮ್ಮ