ದೂರದ ಕನ್ನಡಕ

ಚುಕ್ಕಿ,

ನಾನು ಕೆಲಸಕ್ಕೆ ಬಸ್ಸಿನಲ್ಲೇ ಹೋಗುತ್ತಿದ್ದೇನೆ. ನಿಮ್ಮ ಕಂಪನಿ ಪರೀಕ್ಷೆಗೆ ಕೊಟ್ಟ ಕಾರಿನ ಕೀಲಿ ನಿನ್ನ ಚೀಲದಲ್ಲಿ ಹಾಕಿದ್ದೇನೆ. ಚಾರ್ಜಿಗೆ ಹಾಕಿಲ್ಲ, ನೀನೂ ಹಾಕಬೇಡ, ಸದ್ಯ ನಾನದನ್ನು ಓಡಿಸುವುದಿಲ್ಲ.

ನಿನ್ನೆ ನಮ್ಮ ಬೀದಿಯ ತಿರುವಿನಲ್ಲಿ ಮುಂದಿನ ಗಾಜಿಗೆ ಮಬ್ಬು ಕಟ್ಟಿತು. ಅದನ್ನು ತೆಗೆಯುವ ಬಟನ್ ನೀನು ಮಾಡಿದ ಟಚ್‌ಸ್ಕ್ರೀನಿನ ಒಳಗೆಲ್ಲೋ ಇದೆಯಲ್ಲ, ಹುಡುಕಿದೆ. ಅಕ್ಷರಗಳೆಲ್ಲ ಇರುವೆ ಸಾಲಿನ ಹಾಗೆ ಕಂಡವು. ತಲೆ ಎತ್ತುವಷ್ಟರಲ್ಲಿ ಎದುರುಮನೆ ಅಜ್ಜಿ ಬಾನೆಟ್ಟಿನ ಮುಂದೆಯೇ ಇದ್ದರು. ಆ ಕಾರಿಗೆ ಸದ್ದೂ ಇಲ್ಲ, ಪಾಪ, ಅವರಿಗೆ ಕೇಳಿಸಿಯೇ ಇಲ್ಲ. ಒಂದು ಗೇಣಿನಲ್ಲಿ ತಪ್ಪಿತು. ಅವರು ಬೈಯಲೂ ಇಲ್ಲ. "ನಿಂಗೇನೂ ಆಗ್ಲಿಲ್ಲ ತಾನೆ?" ಅಂದರು. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಮನೆಯಲ್ಲಿ ಆ ಸ್ಕ್ರೀನ್ ತೋರಿಸಿ ಪರೀಕ್ಷೆ ಮಾಡಿದಾಗ ಎಲ್ಲ ಓದಿದೆಯಲ್ಲಮ್ಮ ಎನ್ನುತ್ತೀಯ. ಹೌದು, ಓದಿದೆ. ಊಟದ ಮೇಜಿನ ಮುಂದೆ ಕೂತು, ಪೇಪರ್ ಓದುವ ಕನ್ನಡಕದಲ್ಲಿ. ಅದನ್ನು ಹುಡುಕಿ ತಂದು ನನ್ನ ಮೂಗಿನ ಮೇಲೆ ಏರಿಸಿದವಳು ನೀನೇ. ಕಾರು ಓಡಿಸುವಾಗ ನಾನು ಹಾಕುವುದು ದೂರದ ಕನ್ನಡಕ ಕಣೇ. ಇಬ್ಬರಿಗೂ ಹೊಳೆಯಲಿಲ್ಲ ನೋಡು.

ಹಾಲು ಕಾಯಿಸಿಟ್ಟಿದ್ದೇನೆ, ಕುಡಿದೇ ಹೋಗು. ಸಂಜೆ ಬೇಗ ಬಾ. ದೂರದ ಕನ್ನಡಕ ಹಾಕಿಕೊಂಡು ಕಾರಿನಲ್ಲೇ ಕೂರುತ್ತೇನೆ, ಮತ್ತೊಮ್ಮೆ ಪರೀಕ್ಷೆ ಮಾಡು. ಕಾಣದಿದ್ದರೆ ಕಾಣುವುದಿಲ್ಲ ಅಂತಲೇ ಹೇಳುತ್ತೇನೆ, ನಿನ್ನ ಮುಖ ನೋಡಿ ಹೂಂ ಅನ್ನುವುದಿಲ್ಲ.

ಆ ಸ್ಕ್ರೀನ್ ಒಪ್ಪಿಸುವ ಇವತ್ತಿನ ಮೀಟಿಂಗ್ ಮುಂದಕ್ಕೆ ಹಾಕು ಎನ್ನಲು ನಾನ್ಯಾರು? ಆದರೆ ಅಲ್ಲಿ ಎಲ್ಲರ ಮುಂದೆ ನಿಂತು, "ಈಗಷ್ಟೇ ಕಾರು ಕಲಿತ ನಮ್ಮಮ್ಮನೇ ಸಲೀಸಾಗಿ ಓದಿದ್ರು" ಅಂತ ಮಾತ್ರ ಹೇಳಬೇಡ.

ಅಮ್ಮ