ಊರಿನಲ್ಲಿ ಭಾರ ಹೊತ್ತ ಒಂದೇ ಗೋಡೆ

ಮಾರ್ಚ್ ಹನ್ನೊಂದು, ಮಂಗಳವಾರ. ಅರ್ಜಿ ಕೊಟ್ಟು ಒಂಬತ್ತು ತಿಂಗಳಾಯಿತು. ಗೋಡೆ ಇದ್ದಲ್ಲೇ ಇದೆ. ಅತ್ತೆ ಗೋಡೆಯ ಈಚೆ, ಒಲೆ ಆಚೆ.

ಕಟ್ಟಡ ಪರವಾನಗಿ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡಬೇಕೆಂದು ಗೊತ್ತಿದೆ. ಹಿಂದಿನ ಆರು ಪತ್ರಗಳನ್ನು ಹಾಗೇ ಶುರು ಮಾಡಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ. ಆ ಪದ ನಿಮಗೆ ಹಿಡಿಸಲಿಲ್ಲವೇನೋ ಎಂದುಕೊಂಡು ಈ ಸಲ ಬಿಟ್ಟಿದ್ದೇನೆ. ನನ್ನ ದೂರು ಇಷ್ಟೇ: ನಿಮ್ಮ ಅರ್ಜಿ ನಮೂನೆಯ ಒಂಬತ್ತನೇ ಪ್ರಶ್ನೆಗೆ ನಾನು ನಿಜ ಬರೆದೆ. ‘ತೆಗೆಯಲಿರುವ ಗೋಡೆಯು ಕಟ್ಟಡದ ಭಾರ ಹೊತ್ತಿದೆಯೇ?’ ಎಂಬುದು ಪ್ರಶ್ನೆ. ಮುಂದೆ ಎರಡು ಚೌಕ: ಹೌದು, ಇಲ್ಲ. ನಾನು ‘ಹೌದು’ ಎಂಬಲ್ಲಿ ಗುರುತು ಹಾಕಿ, ಸ್ಟ್ರಕ್ಚರಲ್ ಇಂಜಿನಿಯರ್ ಬರೆದುಕೊಟ್ಟ ನಾಲ್ಕು ಪುಟದ ವರದಿಯನ್ನೂ ಲಗತ್ತಿಸಿದೆ. ಈ ಎರಡು ತಪ್ಪುಗಳಿಗಾಗಿ ನಮ್ಮ ಮನೆ ಅಂದಿನಿಂದ ಶಿಕ್ಷೆ ಅನುಭವಿಸುತ್ತಿದೆ.

ಅಪರಾಧದ ಹಿನ್ನೆಲೆ ಹೇಳಿಬಿಡುತ್ತೇನೆ. ಕಳೆದ ವರ್ಷ ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದದ್ದು ಗಾಲಿಕುರ್ಚಿಯಲ್ಲಿ. ಕುರ್ಚಿಯ ಅಗಲ ಇಪ್ಪತ್ತಾರು ಇಂಚು. ಮುಂದಿನ ಕೋಣೆಯಿಂದ ಅಡುಗೆಮನೆಗೆ ಹೋಗುವ ಬಾಗಿಲು ಇಪ್ಪತ್ತನಾಲ್ಕೂವರೆ ಇಂಚು. ನಲವತ್ತು ವರ್ಷ ಆ ಅಡುಗೆಮನೆಯನ್ನು ಆಳಿದವರು ಈಗ ಒಂದೂವರೆ ಇಂಚಿನ ಆಚೆಗೆ ಕೂತಿದ್ದಾರೆ. ಬಚ್ಚಲು ಮುಂದಿನ ಕೋಣೆಗೇ ಅಂಟಿಕೊಂಡಿರುವುದು ನಮ್ಮ ಪುಣ್ಯ. ಅಡುಗೆಯನ್ನು ಅವರು ವಾಸನೆಯಿಂದಲೇ ನಡೆಸುತ್ತಾರೆ. “ಹಾಲು ಉಕ್ತಿದೆ ನೋಡೇ!” ಎಂಬ ಕೂಗು ಬರುವುದು ಹಾಲು ಉಕ್ಕುವುದಕ್ಕಿಂತ ಅರ್ಧ ನಿಮಿಷ ಮುಂಚೆ. ಕೂಗಿದ ಮೇಲೆ ಕುರ್ಚಿಯನ್ನು ತಳ್ಳಿಕೊಂಡು ಬಂದು ಬಾಗಿಲ ಚೌಕಟ್ಟಿಗೆ ತಾಗಿಸುತ್ತಾರೆ. ಆ ತಾಗುವ ಸದ್ದನ್ನು ನಿಮ್ಮ ನಮೂನೆಯ ಯಾವ ಕಾಲಮಿನಲ್ಲಿ ತುಂಬಬೇಕೋ ತಿಳಿಯದು.

ಬಾಗಿಲು ಅಗಲ ಮಾಡೋಣವೆಂದರೆ ಅದರ ಎಡಕ್ಕೆ ಮನೆಯ ಮೂಲೆ, ಬಲಕ್ಕೆ ಗೋಡೆ. ಮೇಸ್ತ್ರಿ ಬಂದು ಆ ಗೋಡೆಗೆ ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟಿ, “ಎರಡು ದಿನದ ಕೆಲ್ಸ” ಎಂದರು. ಇಂಜಿನಿಯರಿಗೆ ತೋರಿಸಬೇಕು ಎಂದೆ.

“ಇಂಜಿನಿಯರ್ ಯಾಕಮ್ಮ? ಇಂಥ ಗೋಡೆ ನಲವತ್ತು ಒಡ್ದಿದ್ದೀನಿ.”

“ನಲವತ್ತು ಮನೆನೂ ನಿಂತಿವೆಯಾ?”

“ಇದುವರೆಗೂ ಯಾರೂ ಫೋನ್ ಮಾಡಿಲ್ಲ,” ಎಂದರು ಮೇಸ್ತ್ರಿ, ಹೆಮ್ಮೆಯಿಂದಲೇ.

ನನಗೆ ಈ ಮಾತಿನಿಂದ ಧೈರ್ಯ ಬರಲಿಲ್ಲ. ಸ್ಟ್ರಕ್ಚರಲ್ ಇಂಜಿನಿಯರೊಬ್ಬರನ್ನು ಕರೆಸಿದೆ. ಆಕೆ ಮೂರು ಗಂಟೆ ಇದ್ದರು. ಒಂದು ಕಡೆ ಗಾರೆ ಕೆರೆದು ಇಟ್ಟಿಗೆ ಹೇಗೆ ಕೂತಿದೆ ನೋಡಿದರು. ಮಹಡಿಗೆ ಹೋಗಿ, ಗೋಡೆಯ ನೇರಕ್ಕೆ ಮೇಲೆ ಏನಿದೆ ಎಂದು ಅಳೆದರು. ಮಹಡಿಯಲ್ಲಿ ನನ್ನ ಮೈದುನ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಕೆಳಗಿಳಿದು ಬಂದವರು ಕೈ ಒರೆಸಿಕೊಳ್ಳುತ್ತ, “ಈ ಗೋಡೆ ಸುಮ್ನೆ ನಿಂತಿಲ್ಲ ಅಮ್ಮ. ನಿಮ್ಮ ಮೈದುನನ ಸಂಸಾರ ಪೂರ್ತಿ ಇದರ ಮೇಲಿದೆ” ಎಂದರು.

“ಹಾಗಾದ್ರೆ ತೆಗೆಯೋಕಾಗಲ್ವಾ?”

“ಖಂಡಿತ ತೆಗೀಬಹುದು. ತೆಗೆಯೋಕೆ ಮುಂಚೆ ಅದರ ಕೆಲ್ಸನ ಇನ್ನೊಂದಕ್ಕೆ ಒಪ್ಪಿಸ್ಬೇಕು, ಅಷ್ಟೆ.”

ಒಪ್ಪಿಸುವುದು ಹೇಗೆಂದು ವರದಿಯಲ್ಲಿತ್ತು: ನಾಲ್ಕಡಿಯ ತೆರಪು, ಅದರ ಮೇಲೆ ಜೋಡಿಸಿದ ಎರಡು ಉಕ್ಕಿನ ಬೀಮು, ಎರಡು ತುದಿಗೂ ಕೆಳಗೆ ಕಾಂಕ್ರೀಟಿನ ದಿಂಡು, ಅದು ಗಟ್ಟಿಯಾಗುವವರೆಗೆ ಸೂರಿಗೆ ಆನಿಕೆಯಾಗಿ ಎರಡೂ ಕಡೆ ಜಾಕಿ. ಮೊದಲು ಯಾವ ಇಟ್ಟಿಗೆ ತೆಗೆಯಬೇಕು ಎಂದು ಕೂಡ ಬರೆದಿದ್ದರು. ನಾನು ಅದನ್ನು ಎರಡು ಸಲ ಓದಿದೆ. ಒಂದು ವಾಕ್ಯವೂ ಹೆಚ್ಚಿರಲಿಲ್ಲ. ಅರ್ಜಿ ತುಂಬಿದೆ, ಅತ್ತೆ ಸಹಿ ಹಾಕಿದರು. ಮನೆ ಅವರ ಹೆಸರಿನಲ್ಲಿದೆ.

ಇನ್ನು ನಿಮ್ಮ ಮೂರನೇ ಕೌಂಟರಿನ ಗುಮಾಸ್ತರ ವಿಷಯ. ಅವರ ಮೇಲೆ ನನಗೆ ದೂರಿಲ್ಲ; ನಿಮ್ಮ ಕಚೇರಿಯಲ್ಲಿ ನನ್ನೊಡನೆ ನಿಜ ಮಾತಾಡಿದವರು ಅವರೊಬ್ಬರೇ. ನನ್ನ ಅರ್ಜಿ ನೋಡಿ ಅವರಿಗೆ ನಿಜಕ್ಕೂ ಬೇಸರವಾಯಿತು.

“ಅಯ್ಯೋ ಮೇಡಂ, ಹೌದು ಅಂತ ಯಾರು ಬರೀತಾರೆ?”

“ಅದು ಹೌದು. ಅದಕ್ಕೆ ಬರೆದೆ.”

“ಹೌದೇ ಇರ್ಬಹುದು. ಅದನ್ನ ಬರೀಬೇಕಾ?”

ಹೌದು ಎಂದರೆ ಕಡತ ತಾಂತ್ರಿಕ ಸಮಿತಿಗೆ ಹೋಗುತ್ತದಂತೆ. ಸಮಿತಿಯಲ್ಲಿ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಇರಲೇಬೇಕು. ಆ ಹುದ್ದೆ ಖಾಲಿಯಾಗಿ ಹದಿನಾರು ತಿಂಗಳಾಗಿದೆ, ಆದ್ದರಿಂದ ಸಮಿತಿ ಸೇರುವಂತಿಲ್ಲ. ಇಲ್ಲ ಎಂದು ಬರೆದರೆ ಇಂಜಿನಿಯರೂ ಬೇಡ, ಸಮಿತಿಯೂ ಬೇಡ, ಮೂರು ದಿನದಲ್ಲಿ ಪರವಾನಗಿ. ನನಗೆ ಕ್ಷಣಕಾಲ ಆಸೆ ಹುಟ್ಟಿದ್ದನ್ನು ಮುಚ್ಚಿಡುವುದಿಲ್ಲ.

“ಇಲ್ಲ ಅಂತ ಬರೆದು, ಬೀಮ್ ಹಾಕಿಸ್ಬಹುದಾ?” ಎಂದೆ.

“ಅದ್ಹೇಗೆ ಆಗುತ್ತೆ? ಏನೂ ಹೊರದ ಗೋಡೆ ತೆಗೆದ್ರೆ ಬೀಮ್ ಯಾಕೆ ಬೇಕು? ಬೀಮ್ ಹಾಕಿದ್ರಿ ಅಂದ್ರೆ ಸುಳ್ಳು ಹೇಳಿದ್ರಿ ಅಂತ. ನೋಟಿಸ್ ಬರುತ್ತೆ.”

“ಹಾಕದಿದ್ರೆ?”

“ಹಾಕದಿದ್ರೆ ಎಲ್ಲಾ ಸರಿ.”

“ಮನೆ ಬಿದ್ರೆ?”

“ಅದು ನಮ್ಮ ವಿಭಾಗ ಅಲ್ಲ ಮೇಡಂ,” ಎಂದರು ಗುಮಾಸ್ತರು, ತುಂಬ ಸೌಜನ್ಯದಿಂದ. “ಮೊದಲನೇ ಮಹಡಿ, ಎಡಗಡೆ.” ಆಮೇಲೆ ದನಿ ತಗ್ಗಿಸಿ, “ಇನ್ನೂ ಸಣ್ಣ ವೀಲ್‌ಚೇರ್ ಸಿಗುತ್ತಲ್ಲ, ಅದನ್ನ ನೋಡ್ಬಾರ್ದಾ?” ಎಂದರು. ಇದನ್ನು ಅತ್ತೆಗೆ ಹೇಳಿದೆ. “ಕುರ್ಚಿ ಸಣ್ಣದು ಸಿಗುತ್ತಂತಾ? ನನ್ನನ್ನ ಸಣ್ಣ ಮಾಡೋ ಫಾರಂ ಇದ್ರೆ ಅದನ್ನೂ ಒಂದು ಇಸ್ಕೊಂಡು ಬಾ” ಎಂದರು.

ಅಧಿಕಾರಿಗಳೇ, ನಾನು ದೂರದೂರದ ಭಾಷೆಗಳ ಕಾದಂಬರಿಗಳನ್ನು ಅನುವಾದದಲ್ಲಿ ಓದುವವಳು. ಅವುಗಳಲ್ಲಿ ಕಚೇರಿಯ ಪ್ರಸಂಗ ಬಂದಾಗಲೆಲ್ಲ ಬರೆದವರು ಒಂದು ಕೈ ಜಾಸ್ತಿಯೇ ಹಾಕಿದ್ದಾರೆ ಎಂದುಕೊಳ್ಳುತ್ತಿದ್ದೆ. ಅವರೆಲ್ಲರ ಕ್ಷಮೆ ಕೇಳಬೇಕಾಗಿದೆ. ಅವರು ಕಂಡದ್ದನ್ನು ತಗ್ಗಿಸಿಯೇ ಬರೆದಿದ್ದಾರೆ. ಗೋಡೆ ಕೆಡವಲು ನಿಮ್ಮ ಅನುಮತಿ ಮೂರು ದಿನದಲ್ಲಿ ಸಿಗುತ್ತದೆ. ಕೆಡವಿದ ಜಾಗದಲ್ಲಿ ಸೂರನ್ನು ಎತ್ತಿಹಿಡಿಯಲು ಮಾತ್ರ ಅನುಮತಿಯಿಲ್ಲ. ಇದನ್ನು ಕಲ್ಪಿಸಿಕೊಳ್ಳುವ ಧೈರ್ಯ ಯಾವ ಕಾದಂಬರಿಕಾರರಿಗೂ ಇದ್ದಂತಿಲ್ಲ.

ನಿಮ್ಮ ಪಡಸಾಲೆಯಲ್ಲಿ ಕಾಯುವವರಿಗೆ ಓದಲು ಬೇರೇನೂ ಇಲ್ಲದ್ದರಿಂದ, ಫಲಕಕ್ಕೆ ಚುಚ್ಚಿದ್ದ ಪರವಾನಗಿಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಹದಿನಾರು ತಿಂಗಳಲ್ಲಿ ಒಳಗೋಡೆ ತೆಗೆಯಲು ಇನ್ನೂರ ಹದಿನಾಲ್ಕು ಪರವಾನಗಿ ಕೊಟ್ಟಿದ್ದೀರಿ. ಒಂಬತ್ತನೇ ಪ್ರಶ್ನೆಯ ಕಾಲಮಿನಲ್ಲಿ ಇನ್ನೂರ ಹದಿನಾಲ್ಕು ಸಲ ‘ಇಲ್ಲ’ ಎಂದಿದೆ. ನಿಮ್ಮ ದಾಖಲೆಯ ಪ್ರಕಾರ ಈ ಊರಿನ ಮಹಡಿಗಳು, ತಾರಸಿಗಳು, ನೀರಿನ ತೊಟ್ಟಿಗಳೆಲ್ಲ ತಾವೇ ಗಾಳಿಯಲ್ಲಿ ನಿಂತಿವೆ. ಭಾರ ಹೊತ್ತಿರುವುದು ನಮ್ಮ ಅಡುಗೆಮನೆಯ ಗೋಡೆ ಒಂದೇ. ಇಂಥ ಅಪರೂಪದ ಗೋಡೆಯನ್ನು ನೋಡಲು ನಿಮ್ಮ ಕಚೇರಿಯಿಂದ ಇನ್ನೂ ಯಾರೂ ಬರದಿರುವುದು ಆಶ್ಚರ್ಯ.

ಆ ಪಟ್ಟಿಯಲ್ಲಿ ನಮ್ಮ ಎದುರುಮನೆಯೂ ಇತ್ತು. ಯಾರೆಂದು ಹುಡುಕುವ ಕಷ್ಟ ತೆಗೆದುಕೊಳ್ಳಬೇಡಿ. ನಮ್ಮ ಬೀದಿಯಲ್ಲಿ ಎಲ್ಲರ ಎದುರಿಗೂ ಒಂದು ಮನೆಯಿದೆ. ಆ ಮನೆಯಾಕೆ ಕಳೆದ ವಾರ ಬಂದು ಅತ್ತೆಯ ಪಕ್ಕ ಕೂತರು. ಗೋಡೆ ತೆಗೆಸಿದ ಮೇಲೆ ಕೆಳಗೆ ಒಳ್ಳೆ ಬೆಳಕಾಗಿದೆಯಂತೆ. ಮೇಲಿನ ಕೋಣೆಯ ಬಾಗಿಲು ಮಾತ್ರ ಹಾಕಲು ಬರುತ್ತಿಲ್ಲ. “ಮಳೆಗೆ ಮರ ಉಬ್ಬಿದೆ ಅಂತ ಬಡಗಿ ಬಂದು ಅಡಿ ಕೆತ್ತಿದ. ಮಳೆ ನಿಂತ ಮೇಲೂ ಮತ್ತೆ ಕೆತ್ತಿದ. ಮೊನ್ನೆ ಮೂರನೇ ಸಲ ಬಂದವನು, ಇನ್ನು ಕೆತ್ತೋಕೆ ಬಾಗಿಲೇ ಉಳಿಯಲ್ಲ ಅಂದ.” ನಕ್ಕರು. ಆಮೇಲೆ ಹೇಳಿದರು: ಆ ಕೋಣೆಯಲ್ಲಿ ಪೆನ್ಸಿಲ್ ಬಿದ್ದರೆ ಎಲ್ಲಿ ಬಿದ್ದರೂ ಉರುಳಿಕೊಂಡು ನಡುವಿಗೇ ಬರುತ್ತದೆ.

“ನಿಮ್ಮ ಇಂಜಿನಿಯರಮ್ಮ ನಮ್ಮನೆಗೂ ಒಂದ್ಸಲ ಬರ್ತಾರಾ?” ಎಂದು ಕೇಳಿದರು.

“ಬರ್ತಾರೆ. ನಾಳೆನೇ ಕೇಳ್ಲಾ?”

“ಬೇಡ, ಇರಿ. ಬಂದು ನೋಡಿ, ಅದು ಹೌದೇ ಆಗಿತ್ತು ಅಂತ ಬರೆದುಬಿಟ್ರೆ? ನಾವು ಇಲ್ಲ ಅಂತ ಸಹಿ ಹಾಕಿದ್ದೀವಲ್ಲ.”

ನಿಮ್ಮ ನಮೂನೆಯ ಕೆಳಗೆ ಸಣ್ಣಕ್ಷರದಲ್ಲಿದೆ: ಸುಳ್ಳು ಮಾಹಿತಿ ಕೊಟ್ಟವರ ಮೇಲೆ ಕಾನೂನು ಕ್ರಮ. ಎಂಥ ಅಚ್ಚುಕಟ್ಟು ನೋಡಿ. ಇಂಜಿನಿಯರ್ ಯಾರಿಗೆ ತುರ್ತಾಗಿ ಬೇಕೋ ಅವರೇ ಇಂಜಿನಿಯರಿಗೆ ಹೆದರಿಕೊಂಡು ಬಡಗಿಯನ್ನು ಕರೆಯುತ್ತಾರೆ. ಇಂಥ ಬಾಗಿಲುಗಳು ಈ ಊರಿನಲ್ಲಿ ಎಷ್ಟಿವೆ? ನಿಮ್ಮಲ್ಲಿ ಲೆಕ್ಕವಿಲ್ಲದಿದ್ದರೆ ಬಡಗಿಗಳನ್ನು ಕೇಳಿ.

ಮೊನ್ನೆ ಭಾನುವಾರ ನಮ್ಮ ಮನೆಯಲ್ಲೂ ಪಟ್ಟಿಯ ಇನ್ನೂರ ಹದಿನೈದನೆಯವರಾಗುವ ಪ್ರಯತ್ನ ನಡೆಯಿತು. ನನ್ನ ಗಂಡ ಹೊಸ ಫಾರಂ ತಂದು, ‘ಇಲ್ಲ’ ಎಂಬಲ್ಲಿ ಗುರುತು ಹಾಕಿ, ಪೆನ್ನನ್ನೂ ತೆರೆದು ಅತ್ತೆಯ ಮುಂದಿಟ್ಟರು. ಅವರನ್ನು ನಾನು ದೂರುವುದಿಲ್ಲ. ತಾಯಿ ಕಿಟಕಿಯ ಕಡೆ ಮುಖ ಮಾಡಿ ಊಟ ಮಾಡುವುದನ್ನು ಇಷ್ಟು ದಿನ ನೋಡಿದ ಮಗ ಅವರು.

“ಒಂದು ಟಿಕ್ ಅಷ್ಟೇ ಅಮ್ಮ. ಬೀಮ್ ಆಮೇಲೆ ಸದ್ದಿಲ್ದೆ ಹಾಕಿಸ್ಕೊಳ್ಳೋಣ.”

“ಎರಡು ಉಕ್ಕಿನ ಬೀಮು ಸದ್ದಿಲ್ದೆ ಹೇಗೋ ಬರುತ್ತೆ? ಚಪ್ಪಲಿ ಕೈಲಿ ಹಿಡ್ಕೊಂಡಾ?”

ಬೀಮು ಬರುವುದೂ ಇಲ್ಲ. ಪರವಾನಗಿಯಿಲ್ಲದ ಕೆಲಸಕ್ಕೆ ನಮ್ಮ ಇಂಜಿನಿಯರ್ ನಿಲ್ಲುವುದಿಲ್ಲ, ಆಕೆಯಿಲ್ಲದೆ ಜಾಕಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಇದನ್ನು ನಾನು ಹೇಳುತ್ತಿರುವಾಗಲೇ ಮಹಡಿಯಲ್ಲಿ ಮಕ್ಕಳಿಬ್ಬರೂ ಹಗ್ಗ ಹಾರುವ ಆಟ ಶುರು ಮಾಡಿದರು. ಧಡ್, ಧಡ್ ಎಂಬ ಸದ್ದಿಗೆ ಕೋಣೆಯ ದೀಪ ಸಣ್ಣಗೆ ಅಲುಗತೊಡಗಿತು. ಅತ್ತೆ ಪೆನ್ನು ಹಿಡಿದೇ ಸೂರನ್ನು ನೋಡಿದರು.

“ಮಕ್ಕಳು ಕುಣೀತಿರೋದು ನಿನಗೆ ಕೇಳಿಸ್ತಿದೆಯೇನೋ?”

“ಕೇಳಿಸ್ತಿದೆ.”

“ಮತ್ತೆ, ಏನೂ ಹೊತ್ತಿಲ್ಲ ಅಂತ ಹೇಗೋ ಸಹಿ ಹಾಕ್ಲಿ?” ಎಂದು ಪೆನ್ನಿನ ಮುಚ್ಚಳ ಹಾಕಿಟ್ಟರು.

ಆದ್ದರಿಂದ ಅಧಿಕಾರಿಗಳೇ, ನಾವು ಕೇಳುವುದು ಇಷ್ಟು. ಖಾಲಿಯಿರುವ ಹುದ್ದೆಗೆ ಒಬ್ಬರನ್ನು ತನ್ನಿ. ಅಲ್ಲಿಯವರೆಗೆ, ಜಾಗಕ್ಕೆ ಬಂದು ಅಳೆದು ಬರೆದ ಸ್ಟ್ರಕ್ಚರಲ್ ಇಂಜಿನಿಯರ್ ಸಹಿಯೇ ಸಾಕೆಂದು ಒಂದು ಆದೇಶ ಹೊರಡಿಸಿ. ಇನ್ನೂ ಮುಖ್ಯವಾಗಿ, ಆ ಇನ್ನೂರ ಹದಿನಾಲ್ಕು ಮನೆಗಳವರಿಗೆ ‘ನಾವು ತಪ್ಪಾಗಿ ಬರೆದೆವು, ಬಂದು ನೋಡಿ’ ಎಂದು ಹೆದರಿಕೆಯಿಲ್ಲದೆ ಹೇಳಲು ಒಂದು ದಾರಿ ಮಾಡಿಕೊಡಿ. ಅವರು ಸುಳ್ಳುಗಾರರಲ್ಲ. ನಿಮ್ಮ ನಮೂನೆ ಕೇಳಿದ್ದಕ್ಕೆ ನಿಮ್ಮ ನಮೂನೆಗೆ ಬೇಕಾದ ಉತ್ತರ ಕೊಟ್ಟವರು.

ನಿನ್ನೆ ಸಂಜೆ ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಬರುವ ಸೋಮವಾರ, ಹದಿನೇಳರಂದು, ಬೆಳಿಗ್ಗೆ ಹತ್ತೂವರೆಗೆ ಅತ್ತೆ ನಿಮ್ಮ ಕಚೇರಿಗೆ ಬರುತ್ತಾರೆ. ನಿಮ್ಮ ಬಾಗಿಲನ್ನು ಅಳೆದಿದ್ದೇನೆ, ನಲವತ್ತೆರಡು ಇಂಚು ಇದೆ. ಕುರ್ಚಿ ಸಲೀಸಾಗಿ ಬರುತ್ತದೆ. ನೀವು ಸಭೆಯಲ್ಲಿದ್ದರೆ ಕಾಯುತ್ತೇವೆ. ಅತ್ತೆ ಕೂತೇ ಬರುವವರಾದ್ದರಿಂದ ಅವರಿಗೆ ಕುರ್ಚಿ ಹಾಕಿಸುವ ತೊಂದರೆ ನಿಮಗಿಲ್ಲ. ಎರಡು ಫಾರಂ ತರುತ್ತೇವೆ. ‘ಹೌದು’ ಎಂದಿರುವುದಕ್ಕೆ ಅತ್ತೆ ನಿಮ್ಮೆದುರು ಇನ್ನೊಮ್ಮೆ ಸಹಿ ಹಾಕುತ್ತಾರೆ. ‘ಇಲ್ಲ’ ಎಂದಿರುವುದನ್ನು ನಿಮ್ಮ ಮುಂದಿಡುತ್ತೇವೆ, ಸಹಿಯ ಜಾಗ ಖಾಲಿ ಬಿಟ್ಟು. ಮೇಲಿನ ಮಕ್ಕಳನ್ನು ಈ ಗೋಡೆ ಹೊತ್ತಿಲ್ಲವೆಂದು ಯಾರಾದರೂ ಬರೆದುಕೊಡಲೇಬೇಕಿದ್ದರೆ, ಅದನ್ನು ನೀವೇ ಬರೆದುಕೊಡಿ.

ಎದುರುಮನೆಯಾಕೆಯೂ ಜೊತೆಗೆ ಬರುತ್ತೇನೆಂದಿದ್ದಾರೆ. ಇಲ್ಲಿ ಬರೆಯಲು ಅವರೇ ಒಪ್ಪಿದರು. ಗಂಡನಿಗೆ ಇನ್ನೂ ಹೇಳಿಲ್ಲವಂತೆ.

ಇಂತಿ,
ಒಂಬತ್ತನೇ ಪ್ರಶ್ನೆಗೆ ‘ಹೌದು’ ಎಂದು ಬರೆದು, ಹಾಲು ಉಕ್ಕುವ ಮುನ್ನ ಇನ್ನೂ ಗೋಡೆಯಾಚೆಯ ಕೂಗು ಕೇಳುತ್ತಿರುವ ಸೊಸೆ